ನೀರಿಲ್ಲದ ಬಾವಿ

ಜಿಮ್ಮಿಗೆ ಹೋಗೋ ಹುಡುಗರಿಗೆ ಸೋಮವಾರ ಅಂದ್ರೆ ಚೆಸ್ಟ್. ಶ್ರಾವಣ ಶನಿವಾರದ ಹಾಗೆ ಅದೂ ಒಂದು ವ್ರತ. ಎರಡು ವರ್ಷ ನಾನೂ ತಪ್ಪದೆ ಆಚರಿಸಿದೆ. ಆಫೀಸಿಂದ ಬಂದು ಬ್ಯಾಗು ಎಸೆದು ಸೀದಾ ಬೆಂಚ್ ಪ್ರೆಸ್. 70 ಕೆಜಿ ಎತ್ತಿದ ದಿನವಂತೂ ಕನ್ನಡಿ ಮುಂದೆ ಹತ್ತು ನಿಮಿಷ ನಿಂತಿದ್ದೆ. ಬೆನ್ನಿನ ವಿಷಯ ಕೇಳ್ತೀರಾ? ಬೆನ್ನು ಕನ್ನಡಿಯಲ್ಲಿ ಕಾಣಲ್ಲವಲ್ಲ ಸ್ವಾಮೀ..

ಕಳೆದ ವರ್ಷ ಮೇನಲ್ಲಿ ಊರಿಗೆ ಹೋಗಿದ್ದೆ. ತೀರ್ಥಹಳ್ಳಿ ಹತ್ತಿರ ನಮ್ಮನೆ. ಅಪ್ಪ ಕಾಲು ಮುರಿದುಕೊಂಡು ಮಲಗಿದ್ದರು. ನಾನು ಹೋದ ರಾತ್ರಿಯೇ ಗಾಳಿಮಳೆ ಬಂದು, ತಂತಿ ಮೇಲೆ ಮರ ಬಿದ್ದು, ಮೂರು ದಿನ ಕರೆಂಟಿಲ್ಲ. ಪಂಪಿಲ್ಲ ಅಂದಮೇಲೆ ಬಾವಿಯೇ ಗತಿ. ಬೇಸಿಗೆಯಾದ್ದರಿಂದ ನೀರು ಪಾತಾಳದಲ್ಲಿತ್ತು.

"ನೀ ಸರಿಯಮ್ಮ, ನಾನು ಸೇದ್ತೀನಿ" ಅಂತ ಶರ್ಟಿನ ತೋಳು ಮಡಚಿ ನಿಂತೆ. ಆರನೇ ಕೊಡಕ್ಕೆ ಬಲಭುಜದೊಳಗೆ ಚಳಕ್ ಅಂತು. ಏಳನೆಯದು ಅರ್ಧಕ್ಕೆ ಬಂದು ನಿಂತಿತು. ಹಗ್ಗ ಬಿಟ್ಟರೆ ಕೊಡ ಹೋಗುತ್ತೆ, ಎಳೆದರೆ ಪ್ರಾಣ ಹೋಗುತ್ತೆ. 58 ವರ್ಷದ ಅಮ್ಮ ಹಿಂದಿನಿಂದ ಬಂದು ಹಗ್ಗ ಹಿಡಿದಳು. "ಬಿಡು ಮಗಾ, ನಿಂಗೆ ಕಂಪ್ಯೂಟರ್ ಒತ್ತಿ ಅಷ್ಟೇ ಅಭ್ಯಾಸ" ಅಂದಳು. ಹಂಡೆ ತುಂಬುವವರೆಗೂ ಅವಳೇ ಸೇದಿದಳು. ನಾನು ಪಕ್ಕದಲ್ಲಿ ಭುಜ ಹಿಡಿದುಕೊಂಡು ನಿಂತಿದ್ದೆ. ಅಷ್ಟು ಅವಮಾನ ಯಾವ ಅಪ್ರೈಸಲ್ಲಿನಲ್ಲೂ ಆಗಿರಲಿಲ್ಲ.

ಬೆಂಗಳೂರಿಗೆ ಬಂದು ಫಿಸಿಯೋಥೆರಪಿ ಮೇಡಂಗೆ ತೋರಿಸಿದೆ. ಭುಜ ಎಲ್ಲಾ ಕಡೆ ತಿರುಗಿಸಿ ನೋಡಿ, "ವಾರಕ್ಕೆ ಎಷ್ಟು ಸೆಟ್ ಒತ್ತುತ್ತೀರಿ, ಎಷ್ಟು ಎಳೀತೀರಿ?" ಅಂದರು. ಮನೆಗೆ ಬಂದು ಸ್ಪ್ರೆಡ್‌ಶೀಟ್ ತೆಗೆದೆ (ಇಂಜಿನಿಯರ್ ಬುದ್ಧಿ!). ಬೆಂಚ್ ಪ್ರೆಸ್ 9, ಶೋಲ್ಡರ್ ಪ್ರೆಸ್ 6, ಪುಷ್ ಅಪ್ 3. ಒಟ್ಟು 18. ಎಳೆಯೋದು? ಲ್ಯಾಟ್ ಪುಲ್‌ಡೌನ್ 4. ಅದೂ ಮನಸ್ಸು ಬಂದ ವಾರ ಮಾತ್ರ. ಅಮ್ಮ ಹೇಳಿದ್ದು ಅಕ್ಷರಶಃ ನಿಜ, ನನಗೆ ಒತ್ತೋದಷ್ಟೇ ಅಭ್ಯಾಸ.

ಎಲ್ಲರ ಭುಜನೋವಿಗೂ ಇದೇ ಕಾರಣ ಅಲ್ಲ, ಆದರೆ ನಿಮ್ಮ ಬೆನ್ನು ಮಾತ್ರ ಸೋಮಾರಿ ಅಂದರು ಮೇಡಂ. ಅವರು ಹೇಳಿದ ಲೆಕ್ಕ ಸುಲಭವಾಗಿದೆ. ಎಷ್ಟು ಸೆಟ್ ಒತ್ತುತ್ತೀರೋ ಕನಿಷ್ಠ ಅಷ್ಟೇ ಸೆಟ್ ಎಳೀರಿ, ದಿಕ್ಕಿಗೊಂದು ಜೋಡಿ ಇರಲಿ. ತಲೆ ಮೇಲಕ್ಕೆ ಎತ್ತುವುದಕ್ಕೆ ಪುಲ್‌ಡೌನ್ ಅಥವಾ ಪುಲ್ ಅಪ್ ಜೋಡಿ. ಬೆಂಚ್ ಪ್ರೆಸ್ಸಿಗೆ ರೋಯಿಂಗ್ ಜೋಡಿ. ಬರೀ ಪುಲ್‌ಡೌನ್ ಮಾಡಿದರೆ ಸಾಲದು, ಯಾಕೆಂದರೆ ಲ್ಯಾಟ್ ಅನ್ನೋ ದೊಡ್ಡ ಸ್ನಾಯು ಎದೆಯ ಸ್ನಾಯುವಿನ ಹಾಗೇ ತೋಳನ್ನು ಒಳಮುಖವಾಗಿ ತಿರುಗಿಸುತ್ತೆ. ಎರಡು ರೆಕ್ಕೆ ಎಲುಬುಗಳ ನಡುವಿನ ಸ್ನಾಯು, ಭುಜದ ಹಿಂಭಾಗ, ಇವುಗಳಿಗೆ ಕೆಲಸ ಕೊಡೋದು ಎದುರಿನಿಂದ ಎದೆಯ ಕಡೆಗೆ ಎಳೆಯೋ ರೋಯಿಂಗು.

ಎರಡು ವಾರ ಬೆಂಚ್ ಪ್ರೆಸ್ ಬಂದ್. ಆಮೇಲೆ ಹೊಸ ಟೈಂಟೇಬಲ್. ಸೋಮವಾರ ಬೆಂಚ್ 3 ಸೆಟ್, ರೋಯಿಂಗ್ 3. ಬುಧವಾರ ಶೋಲ್ಡರ್ ಪ್ರೆಸ್ 3, ಪುಲ್‌ಡೌನ್ 3. ಶುಕ್ರವಾರ ಪುಷ್ ಅಪ್ 3, ಕೆಳಗೆ ಕಟ್ಟಿದ ಬಾರಿಗೆ ಜೋತುಬಿದ್ದು ಎದೆ ತಾಗಿಸೋ ಇನ್ವರ್ಟೆಡ್ ರೋ 3. ಅಲ್ಲಿಗೆ 9ಕ್ಕೆ 9. ಹಳೇ ಸಾಲ ತೀರಿಸೋದಕ್ಕೆ ಮೊದಲ ಎರಡು ತಿಂಗಳು ಫೇಸ್ ಪುಲ್ 2 ಸೆಟ್ ಜಾಸ್ತಿ.

ಮೊದಮೊದಲು ಬೆನ್ನಿಗಿಂತ ಮುಂಚೆ ಬೈಸೆಪ್ಸೇ ಸುಸ್ತಾಗುತ್ತಿತ್ತು. "ಕೈಯಿಂದಲ್ಲ, ಮೊಣಕೈಯಿಂದ ಎಳೀರಿ. ಭುಜ ಕಿವಿ ಹತ್ತಿರ ಹೋಗದಿರಲಿ" ಅಂದ ಮೇಲೆ ಬೆನ್ನು ಎಲ್ಲಿದೆ ಅಂತ ಗೊತ್ತಾಯಿತು. ಒಂದು ದಿನ ಪುಲ್‌ಡೌನ್ ಮೆಷಿನ್ ಮುಂದೆ ಕೂತಾಗ ಹೊಳೆಯಿತು. ಇದು ನಮ್ಮ ಬಾವಿಯೇ! ಮೇಲೆ ರಾಟೆ, ಅದರ ಮೇಲೆ ತಂತಿ, ಆ ತುದಿಗೆ ಭಾರ. ತಿಂಗಳಿಗೆ ದುಡ್ಡು ಕೊಟ್ಟು ನೀರಿಲ್ಲದ ಬಾವಿ ಸೇದ್ತಾ ಇದ್ದೀನಿ..

ಪುಲ್ ಅಪ್ ಮಾತ್ರ ಒಂದೂ ಬರುತ್ತಿರಲಿಲ್ಲ. ಸ್ಟೂಲ್ ಹತ್ತಿ ಗಲ್ಲವನ್ನ ಬಾರಿನ ಮೇಲಿಟ್ಟು, ಐದು ಎಣಿಸುತ್ತಾ ನಿಧಾನ ಇಳಿಯೋದನ್ನೇ ಮಾಡಿದೆ. ನಾಲ್ಕು ತಿಂಗಳಿಗೆ ಮೊದಲನೆಯದು ಆಯಿತು. ಆಗ ಕನ್ನಡಿ ನೋಡೋದೇ ಮರೆತುಹೋಯಿತು.

ಡಿಸೆಂಬರಿನಲ್ಲಿ ಊರಿಗೆ ಹೋದವನೇ ಬಾವಿಕಟ್ಟೆಗೆ ಹೋಗಿ ಕೊಡ ಇಳಿಬಿಟ್ಟೆ. "ಕರೆಂಟಿದೆಯಲ್ಲೋ ಮಾರಾಯಾ!" ಅಂತ ಅಮ್ಮ ಕೂಗಿಕೊಂಡಳು. ಹನ್ನೆರಡು ಕೊಡ ಸೇದಿದೆ, ಭುಜ ಸುಮ್ಮನಿತ್ತು. ಹಂಡೆ ತುಂಬಿದ ಮೇಲೆ ಅಮ್ಮ ಪಕ್ಕದಲ್ಲಿ ಬಂದು ಕೂತಳು. "ಅವತ್ತು ಮೂರು ದಿನ ಸೇದಿ ನಂಗೂ ಕೈ ಎತ್ತಕ್ಕೆ ಆಗ್ತಿರಲಿಲ್ಲ ಕಣೋ, ಒಂದು ತಿಂಗಳು ಜಡೆ ಹಾಕ್ಕೊಳ್ಳಕ್ಕೂ ಕಷ್ಟ ಆಗಿತ್ತು" ಅಂದಳು.

ಆ ತಿಂಗಳಿಡೀ ದಿನಾ ಫೋನ್ ಮಾಡಿ ನನ್ನ ಭುಜ ಹೇಗಿದೆ ಅಂತ ಕೇಳುತ್ತಿದ್ದವಳು ಅವಳೇ. ನಾನು ಒಂದು ಸಲವೂ ವಾಪಸ್ ಕೇಳಿರಲಿಲ್ಲ.