ಬಡ ಪೆಟ್ಟಿಗೆಗೊಂದು ಬೀಗ

ಇತಿಹಾಸ ಓದುವವನು ಪಂಪಿನ ಪೆಟ್ಟಿಗೆಯ ವಿಷಯ ಬರೆಯಹೊರಟನೆಂದರೆ ವಾಚಕರು ಹುಬ್ಬೇರಿಸುವುದು ಸಹಜವೇ. ಸಂಪಾದಕರು ನನ್ನಿಂದ ಬಯಸಿದ್ದು ಕೆಳದಿಯ ನಾಯಕರ ಮೇಲೊಂದು ಲೇಖನ. ಅದನ್ನು ಮುಂದಿನ ಸಂಚಿಕೆಗೆ ಬಾಕಿ ಇಟ್ಟಿದ್ದೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ಒಂದು ಯುದ್ಧ ನಡೆಯಿತು. ಕಣ್ಣಾರೆ ಕಂಡ ಯುದ್ಧವನ್ನು ಬಿಟ್ಟು ಓದಿದ ಯುದ್ಧವನ್ನು ಬರೆಯಲು ಮನಸ್ಸೊಪ್ಪಲಿಲ್ಲ.

ನಮ್ಮ ಊರು ಚನ್ನಗಿರಿ ತಾಲ್ಲೂಕಿನಲ್ಲಿದೆ. ಮನೆಯಿಂದ ಒಂದು ಮೈಲಿಯಾಚೆ ಎರಡೂವರೆ ಎಕರೆ ಅಡಕೆ ತೋಟ, ಅದಕ್ಕೊಂದು ಕೊಳವೆಬಾವಿ. ಪಂಪಿಗೆ ಬೇಕಾದ ಮೂರು ಫೇಸಿನ ಕರೆಂಟು ಬರುವುದು ದಿನಕ್ಕೆ ಕೆಲವೇ ಗಂಟೆ. ಅದೂ ಒಂದು ವಾರ ಹಗಲಾದರೆ ಇನ್ನೊಂದು ವಾರ ರಾತ್ರಿ. ಕತ್ತಲಲ್ಲಿ ಬ್ಯಾಟರಿ ಹಿಡಿದು, ಹಾವು ಹುಳ ನೋಡಿಕೊಂಡು ಹೋಗಿ ಮೋಟಾರು ಹಾಕಿ ಬರುವುದು ತಂದೆಯವರ ಪಾಲಿನ ವ್ರತವಾಗಿತ್ತು. ಇದನ್ನು ನೋಡಲಾರದೆ ನಾನೇ ಪಟ್ಟು ಹಿಡಿದು ಒಂದು ಮೊಬೈಲ್ ಸ್ಟಾರ್ಟರನ್ನು ತರಿಸಿದೆ. ಅಂಗೈಯಗಲದ ಪೆಟ್ಟಿಗೆ, ಒಳಗೊಂದು ಸಿಮ್. ಮಲಗಿದಲ್ಲಿಂದಲೇ ಆ ನಂಬರಿಗೆ ಒಮ್ಮೆ ಫೋನು ಮಾಡಿದರೆ ಮೋಟಾರು ಓಡುತ್ತದೆ, ಮತ್ತೊಮ್ಮೆ ಮಾಡಿದರೆ ನಿಲ್ಲುತ್ತದೆ. ಕರೆದವರಿಗೆ 'ಮೋಟಾರ್ ಆನ್', 'ಮೋಟಾರ್ ಆಫ್' ಎಂದು ಸಂದೇಶವನ್ನೂ ಕಳಿಸುತ್ತದೆ. ತಂದೆಯವರು ಸಂದೇಶಗಳನ್ನು ಓದುವವರಲ್ಲ. ಆದರೂ ಪೆಟ್ಟಿಗೆಗೆ ಕುಂಕುಮವಿಟ್ಟು, ಅದರ ನಂಬರು ಮರೆತುಹೋದೀತೆಂದು ಪಂಪಿನ ಮನೆಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದರು.

ಒಂದು ತಿಂಗಳು ಸುಖವಾಗಿತ್ತು. ಆಮೇಲೆ ತಂದೆಯವರು ಬೆಳಗಿನ ಜಾವ ಮೋಟಾರು ಹಾಕಲು ಫೋನು ಮಾಡಿ ತೋಟಕ್ಕೆ ಹೋದರೆ ಮೋಟಾರು ನಿಂತಿರುತ್ತಿತ್ತು. ತೊಟ್ಟಿ ಮಾತ್ರ ರಾತ್ರಿಯೇ ತುಂಬಿ ಹರಿದಿರುತ್ತಿತ್ತು. ಹರಿದ ನೀರು ಹೋಗುತ್ತಿದ್ದುದಾದರೂ ಎಲ್ಲಿಗೆ? ಕೆಳಗಿನ ತೋಟಕ್ಕೆ. ಆ ತೋಟ ನಮ್ಮ ಚಿಕ್ಕಪ್ಪನದು. ಅವರ ಬಾವಿ ಎರಡು ವರ್ಷದಿಂದ ಒಣಗಿತ್ತು. ಬಾಗಿಲ ಮೇಲಿನ ನಂಬರನ್ನು ಅವರು ದಿನಾ ನೋಡುತ್ತಿದ್ದರು. ಇನ್ನು ಸಾಕ್ಷಿ ಬೇಕೆ?

ತಂದೆಯವರು ಬಾಯಿಬಿಟ್ಟು ಏನನ್ನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಗಿ ಅಂದೇ ಮುಗಿಯುತ್ತಿತ್ತೇನೋ! ಚಿಕ್ಕಪ್ಪ ಜಗಲಿಗೆ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಚಿಕ್ಕಮ್ಮ ಯುಗಾದಿಯ ಹೋಳಿಗೆ ಕಳಿಸಿದಾಗ ಅಮ್ಮ ತೆಗೆದುಕೊಂಡಳು. ಅಪ್ಪ ಎಲೆಗೆ ಬಡಿಸಲು ಬಿಡಲಿಲ್ಲ. ಹೀಗೆ ಆರು ವಾರ ಕಳೆಯಿತು. ಕೊನೆಗೊಂದು ರಾತ್ರಿ ಬಾವಿಯಲ್ಲಿ ನೀರಿಳಿದು, ಪಂಪು ಒಣಗಿ ಓಡಿ, ಮೋಟಾರು ಸುಟ್ಟುಹೋಯಿತು. ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಇಳಿಸುವುದಕ್ಕೆ ಹದಿನಾಲ್ಕು ಸಾವಿರ. "ಅಣ್ಣನ ಮನೆ ಸುಟ್ಟು ಚಳಿ ಕಾಯಿಸಿಕೊಂಡ" ಎಂದರು ತಂದೆಯವರು. ಅವರು ಆಡಿದ ಮಾತು ಅದೊಂದೇ. ಯಾರೋ ಅದನ್ನು ಚಿಕ್ಕಪ್ಪನಿಗೆ ಮುಟ್ಟಿಸಿದರು.

ಮೋಟಾರು ರಿಪೇರಿಯಾಗುವ ತನಕ ಪೆಟ್ಟಿಗೆಯನ್ನು ಮನೆಗೆ ತಂದಿದ್ದೆವು. ಸುಮ್ಮನೆ ಕುತೂಹಲಕ್ಕೆ ಅದರ ಸಿಮ್ಮನ್ನು ತೆಗೆದು ನನ್ನ ಫೋನಿಗೆ ಹಾಕಿದೆ. ರಾತ್ರಿ ಒಂಬತ್ತೂವರೆಗೆ ಫೋನು ಹೊಡೆದುಕೊಂಡಿತು. ಎತ್ತಿದ ಕೂಡಲೇ ಆ ಕಡೆಯಿಂದ ಒಂದು ಗಡಸು ದನಿ: "ಏನಪಾ, ಕೊಟ್ಟ ರೊಕ್ಕ ಕೇಳಿದ್ರ ಮೋಟಾರ್ ಆನ್ ಅಂತ ಕಳಸ್ತೀಯಲ್ಲ, ಚಾಷ್ಟಿ ಮಾಡ್ತಿ ಏನು?"

ನನಗೆ ನಗು ಬಂತು, ನಕ್ಕದ್ದಕ್ಕೆ ಬೈಗುಳವೂ ಬಂತು. ಸಂಗತಿ ಇಷ್ಟು. ಬಳಕೆ ತಪ್ಪಿ ರದ್ದಾದ ನಂಬರನ್ನು ಕಂಪನಿಗಳು ಕೆಲವು ತಿಂಗಳು ಬಿಟ್ಟು ಹೊಸಬರಿಗೆ ಕೊಡುತ್ತವೆ. ನಮ್ಮ ಪೆಟ್ಟಿಗೆಗೆ ಬಂದದ್ದು ಹಾವೇರಿಯ ಕಡೆಯ ಯಾರೋ ಸಾಲಗಾರನ ನಂಬರು. ಹಗಲು ಕೆಲಸವಿದ್ದ ಆ ಪುಣ್ಯಾತ್ಮ ರಾತ್ರಿ ಉಂಡಾದ ಮೇಲೆ ಸಾಲ ಕೇಳಲು ಒಮ್ಮೆ ಫೋನು ಮಾಡುತ್ತಿದ್ದ. ಅವನು ಬಾಕಿ ಕೇಳಿದಾಗಲೆಲ್ಲ ನಮ್ಮ ಮೋಟಾರು ಓಡುತ್ತಿತ್ತು! ಪೆಟ್ಟಿಗೆಗೆ ಕರೆದವರಾರೆಂಬ ವಿಚಾರವೇ ಇರಲಿಲ್ಲ. ಯಾರು ಕರೆದರೂ ಓ ಎನ್ನುತ್ತಿತ್ತು. ಅದು ಎಲ್ಲರನ್ನೂ ನಂಬಿತು. ಅದನ್ನು ನಂಬಿದ ನಾವು ಚಿಕ್ಕಪ್ಪನನ್ನು ನಂಬಲಿಲ್ಲ.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪರಿಚಯ ಹೇಳಿಕೊಡುವ ಅಧ್ಯಾಪಕರ ಬಳಿ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ. ಅವರು ಅದರ ಜೊತೆ ಬಂದಿದ್ದ ಚೀಟಿಯನ್ನು ಮೊದಲು ಓದಿದರು. ನಾವು ಓದಿರಲಿಲ್ಲ. ಐದು ನಂಬರುಗಳನ್ನು ನೋಂದಾಯಿಸಿದರೆ ಮಿಕ್ಕವರ ಕರೆಗೆ ಪೆಟ್ಟಿಗೆ ಕಿವಿಗೊಡದೆಂದು ಅದರಲ್ಲಿ ಬರೆದಿತ್ತು. ನೋಂದಾಯಿಸಲು ಬೇಕಾದ ಗುಪ್ತಸಂಖ್ಯೆ 1234. ಬದಲಾಯಿಸಿಕೊಳ್ಳಿ ಎಂಬ ಸೂಚನೆಯೂ ಇತ್ತು. "ನಾಚಿಕೆ ಬೇಡ, ಲೋಕವೆಲ್ಲ ಹೀಗೆಯೇ" ಎಂದು ಅಧ್ಯಾಪಕರು 2016ರ ಮಿರಾಯ್ ಪ್ರಕರಣವನ್ನು ಹೇಳಿದರು. ಕಾರ್ಖಾನೆಯಿಂದ ಬಂದ ಇಂಥ ಗುಪ್ತಪದಗಳ ಅರುವತ್ತು ಚಿಲ್ಲರೆ ಜೋಡಿಗಳನ್ನು ಮಾತ್ರ ಹಿಡಿದುಕೊಂಡು ಕಾವಲು ಕ್ಯಾಮೆರಾಗಳಂಥ ಲಕ್ಷಾಂತರ ಬಡ ಸಾಧನಗಳನ್ನು ವಶ ಮಾಡಿಕೊಂಡ ತಂತ್ರವದು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಎಂಬ ಸಂಸ್ಥೆಯ ಮೇಲೆ ಆ ಸೈನ್ಯವನ್ನು ನುಗ್ಗಿಸಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಅಮೆರಿಕದ ಎಷ್ಟೋ ಜನಕ್ಕೆ ಗಂಟೆಗಟ್ಟಲೆ ಸಿಗದೆ ಹೋದುವಂತೆ.

ನಂಬರು ನೋಂದಾಯಿಸಿದರೆ ಸಾಕೆ ಎಂದು ಕೇಳಿದೆ. ನಮ್ಮ ಊರಿನ ಮಟ್ಟಿಗೆ ಸಾಕು, ಆದರೆ ಕರೆಯುವ ನಂಬರನ್ನೂ ಸುಳ್ಳಾಗಿ ತೋರಿಸಬಹುದು ಎಂದರು. ನನಗೆ ಕೂಡಲೇ ವಿಶಾಖದತ್ತನ 'ಮುದ್ರಾರಾಕ್ಷಸ' ನೆನಪಾಯಿತು. ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕಿದ್ದರಿಂದಲ್ಲವೆ ಅಷ್ಟೆಲ್ಲ ಆದದ್ದು! ಉಂಗುರ ನಿಜವಾದದ್ದೇ, ಒತ್ತಿದ ಕೈ ಮಾತ್ರ ಬೇರೆ.

ಹಾಗಾದರೆ ಪೆಟ್ಟಿಗೆ ಏನು ಮಾಡಬೇಕು? ಪ್ರತಿ ಸಲವೂ ಹೊಸದೊಂದು ಪ್ರಶ್ನೆ ಕೇಳಬೇಕಂತೆ. ರಾತ್ರಿ ಕದ ತಟ್ಟಿದವನನ್ನು ಒಂದೇ ಗುರುತಿನ ಮಾತು ಕೇಳುತ್ತಿದ್ದರೆ, ಬೇಲಿಯ ಹಿಂದೆ ನಿಂತು ಕೇಳಿದ ಕಳ್ಳ ಮರುದಿನ ಅದನ್ನೇ ಒಪ್ಪಿಸುತ್ತಾನೆ. ಪ್ರಶ್ನೆ ದಿನಕ್ಕೊಂದಾಗಿ, ಉತ್ತರವನ್ನು ಇಬ್ಬರೇ ಬಲ್ಲ ಗುಟ್ಟಿನಿಂದ ಲೆಕ್ಕ ಹಾಕಿ ಹೇಳುವಂತಿದ್ದರೆ ಕೇಳಿಸಿಕೊಂಡವನಿಗೆ ಏನೂ ದಕ್ಕದು. ಗುಟ್ಟನ್ನು ಯಾರೂ ಬಾಯಿಬಿಟ್ಟು ಆಡುವುದೇ ಇಲ್ಲವಷ್ಟೆ.

ತೊಡಕಿರುವುದು ಈ ಲೆಕ್ಕದಲ್ಲಿ. ಬ್ಯಾಂಕಿನ ದೊಡ್ಡ ಯಂತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಬಡ ಸಾಧನದ ಗತಿ ಬೇರೆ. ಹುಡುಗರು ಪ್ರಯೋಗಕ್ಕೆ ಬಳಸುವ ಆರ್ಡುಯಿನೊ ಉನೊ ಹಲಗೆಯ ಚಿಪ್ಪಿನಲ್ಲಿ ಕೆಲಸದ ನೆನಪು 2 ಕಿಲೊಬೈಟು. ನಾನು ಬರೆಯುತ್ತಿರುವ ಈ ಲೇಖನದ ಕಾಲು ಭಾಗವೂ ಅದರಲ್ಲಿ ಹಿಡಿಯದು! ವಸ್ತುಗಳಿಗೆ ಅಂಟಿಸುವ ಗುರುತಿನ ಚೀಟಿಯೊಳಗಿನ ಚಿಪ್ಪಿಗೆ ಸ್ವಂತ ಬ್ಯಾಟರಿಯೂ ಇರುವುದಿಲ್ಲ. ಓದುವ ಯಂತ್ರ ಬೀರುವ ಅಲೆಯಿಂದಲೇ ಚೂರು ಶಕ್ತಿ ಹೀರಿಕೊಂಡು ಬದುಕಬೇಕು. 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಎಂಬ ಬೀಗ ಬಲು ಗಟ್ಟಿ. ಆದರೆ ಇಂಥ ಗುಡಿಸಲಿಗೆ ಕೋಟೆಯ ಅಗುಳಿ ಹಾಕಿದರೆ ಗೋಡೆಯೇ ತಡೆಯದು. ಅದಕ್ಕೆಂದೇ 2007ರಲ್ಲಿ ಪ್ರೆಸೆಂಟ್ ಎಂಬ ಹಗುರ ಬೀಗವನ್ನು ರಚಿಸಿದರು. ಸುಮಾರು 1,570 ತರ್ಕದ್ವಾರಗಳಷ್ಟು ಜಾಗ ಅದಕ್ಕೆ ಸಾಕಾಯಿತು.

ಆಮೇಲಿನ ಕಥೆ ನನಗೆ ಸ್ವಯಂವರದ ಹಾಗೆ ಕಂಡಿತು. ಅಮೆರಿಕದ ಮಾನಕ ಸಂಸ್ಥೆ 2018ರಲ್ಲಿ ಹಗುರ ಬೀಗ ಬೇಕೆಂದು ಲೋಕಕ್ಕೆಲ್ಲ ಸಾರಿತು. 57 ರಚನೆಗಳು ಬಂದುವು. ವಿದ್ವಾಂಸರೆಲ್ಲ ಒಬ್ಬರ ಬೀಗವನ್ನೊಬ್ಬರು ಬಹಿರಂಗವಾಗಿ ಮುರಿಯಲು ನೋಡಿದರು. 2021ರ ಹೊತ್ತಿಗೆ ಉಳಿದದ್ದು ಹತ್ತು. 2023ರ ಫೆಬ್ರವರಿಯಲ್ಲಿ ಮಾಲೆ ಬಿದ್ದದ್ದು ಡೊಬ್ರೌನಿಗ್, ಐಕ್ಲ್‌ಸೆಡರ್, ಮೆಂಡೆಲ್, ಶ್ಲೇಫರ್ ಎಂಬ ನಾಲ್ವರು ರಚಿಸಿದ ಆಸ್ಕಾನ್‌ಗೆ. 2025ರ ಆಗಸ್ಟಿನಲ್ಲಿ ಅದು ಮಾನಕವಾಗಿ ಅಚ್ಚಾಯಿತು. ಅದು ಕಲಸುವ ಹಿಟ್ಟು 320 ಬಿಟ್ಟು, ಎಂದರೆ 40 ಬೈಟು ಮಾತ್ರ. ಮಾತನ್ನು ಗುಟ್ಟಾಗಿಡುವುದು, ನಡುವೆ ಯಾರೂ ತಿದ್ದಿಲ್ಲವೆಂದು ಖಾತರಿ ಕೊಡುವುದು, ಎರಡನ್ನೂ ಒಂದೇ ಓಟದಲ್ಲಿ ಮುಗಿಸುತ್ತದೆ. ಬೀಗದ ರಚನೆಯನ್ನು ಯಾರು ಬೇಕಾದರೂ ಓದಬಹುದು, ಬೀಗದ ಕೈಯೊಂದನ್ನು ಮುಚ್ಚಿಟ್ಟುಕೊಂಡರೆ ಸಾಕು ಎಂಬುದು ನನಗೆ ಬಲು ಹಿಡಿಸಿತು. ನಮ್ಮ ತಂದೆಯವರು ಮಾಡಿದ್ದು ಇದರ ತಿರುಗುಮುರುಗು: ಪೆಟ್ಟಿಗೆಯ ಚೀಟಿಯನ್ನು ಟ್ರಂಕಿನಲ್ಲಿಟ್ಟು, ನಂಬರನ್ನು ಬಾಗಿಲಿಗೆ ಬರೆದರು.

ಅಧ್ಯಾಪಕರು ತೋರಿಸಿಕೊಟ್ಟಂತೆ ಗುಪ್ತಸಂಖ್ಯೆಯನ್ನು ಬದಲಾಯಿಸಿದೆ. ಹೊಸದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಸಹಪಾಠಿಗಳು ಕ್ಷಮಿಸಬೇಕು. ಸಾಲ ಕೊಟ್ಟವನಿಗೂ ಫೋನು ಮಾಡಿ ವಿವರಿಸಿದೆ. ಅವನು ಅರ್ಧ ನಂಬಿದ.

ಕಷ್ಟವಾದದ್ದು ತಂದೆಯವರಿಗೆ ಹೇಳುವುದು. ಎಲ್ಲವನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ನಂಬರುಗಳನ್ನು ನೋಂದಾಯಿಸಲು ಕುಳಿತಾಗ ಅವರದು, ನನ್ನದು, ಅಮ್ಮನದು, ಅಕ್ಕನದು ಎಂದು ನಾಲ್ಕಾದುವು. ಐದನೆಯದು ಖಾಲಿ ಇರಲೆ ಎಂದೆ. ಅವರು ಅಂಗಿ ಹಾಕಿಕೊಂಡು, "ನಿನ್ನ ಚಿಕ್ಕಪ್ಪನ ನಂಬರು ನನಗೆ ಬಾಯಿಗೆ ಬರೋಲ್ಲ. ಕೇಳಿಕೊಂಡು ಬರುತ್ತೇನೆ ಇರು" ಎಂದು ಹೊರಟರು. ಚಿಕ್ಕಪ್ಪನ ಮನೆ ಇರುವುದು ನಮ್ಮ ಮನೆಯ ಎದುರಿಗೇ. ಅವರು ಹಿಂದಿರುಗಿದ್ದು ರಾತ್ರಿಯ ಊಟ ಮುಗಿಸಿಕೊಂಡು. ನಂಬರು ಕೇಳುವುದನ್ನು ಮಾತ್ರ ಮರೆತು ಬಂದಿದ್ದರು.