ರಜೆಗಾಗಿ ಕಾದ ಕಾದಂಬರಿ

ಒಂದು ಕಾದಂಬರಿ ಬರೆಯಬೇಕೆಂದು ವರ್ಷಗಟ್ಟಲೆ ಆಸೆಪಟ್ಟೆ, ಬರೆಯಲಿಲ್ಲ. ಕೇಳಿದವರಿಗೆಲ್ಲ ಪುರುಸೊತ್ತೇ ಇಲ್ಲ ಎಂದೆ. ಅದು ಸುಳ್ಳಲ್ಲ. ಆದರೆ ಕಾದಂಬರಿ ಕೈತಪ್ಪಿದ್ದಕ್ಕೆ ಅದೇ ಕಾರಣವೂ ಅಲ್ಲ.

ನಮ್ಮ ಮನೆ ಅರಸೀಕೆರೆಯಲ್ಲಿ. ನಾನು ಪಾಠ ಹೇಳುವ ಪ್ರೌಢಶಾಲೆ ಹಳೇಬೀಡಿನ ಕಡೆ. ಬಾಣಾವರ, ಜಾವಗಲ್ ದಾಟಿ ಹೋಗುವ ಬಸ್ಸು ಹಿಡಿಯುವಷ್ಟರಲ್ಲಿ ತಿಂಡಿ, ಮಕ್ಕಳ ಡಬ್ಬಿ ಎಲ್ಲ ಮುಗಿದಿರಬೇಕು. ನೀರು ಬಿಡುವ ದಿನವಾದರೆ ತೊಟ್ಟಿಯೂ ತುಂಬಿರಬೇಕು. ಶಾಲೆಯಲ್ಲಿ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ. ಚುನಾವಣೆ ಬಂದರೂ ಗಣತಿ ಬಂದರೂ ಆ ಕೆಲಸ ನಮ್ಮ ಹೆಗಲಿಗೇ. ರಾತ್ರಿ ಪಾತ್ರೆ ತೊಳೆದಿಟ್ಟು ಕೂತರೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಆದ್ದರಿಂದ ಬರವಣಿಗೆಯನ್ನು ರಜೆಗೆ ಎತ್ತಿಟ್ಟೆ. ದಸರೆಗೆ ಆಗದಿದ್ದರೆ ಬೇಸಿಗೆಗೆ, ಬೇಸಿಗೆಗೂ ಆಗದಿದ್ದರೆ ಬರುವ ವರ್ಷಕ್ಕೆ.

ಬರೆಯಬೇಕೆಂದಿದ್ದುದು ನಮ್ಮ ಅತ್ತೆಯ ಕತೆ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಪೀಡೆ ಬಿತ್ತಲ್ಲ, ಆಗ ನಮ್ಮ ಸೀಮೆಯ ತೋಟಗಳ ಕಾಯಿಯ ಸಿಪ್ಪೆಯೆಲ್ಲ ಕಂದಾಗಿ ಬಿರಿದು, ಕಾಯಿ ಸಣ್ಣದಾಗಿ ಹೋಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಹಾಕಿ ಬದುಕುವ ಮನೆಗಳಿಗೆ ಆಗ ದಿಕ್ಕೇ ತೋಚಲಿಲ್ಲ. ಮಾವ ಹೋಗಿಯಾಗಿತ್ತು. ಸಾಲ, ಮೂರು ಮಕ್ಕಳು, ತೋಟ ಎಲ್ಲವನ್ನೂ ಅತ್ತೆ ಒಬ್ಬರೇ ಸಂಭಾಳಿಸಿದರು. ಕಾಯಿ ಸುಲಿಸುತ್ತ, ಕೊಬ್ಬರಿ ಆರಿಸುತ್ತ ಅದನ್ನೆಲ್ಲ ಹೇಳುತ್ತಿದ್ದರು. “ಬೇಸಿಗೆ ರಜ ಬರ್ಲಿ ಅತ್ತೆ, ಕೂತ್ಕೊಂಡು ಎಲ್ಲ ಬರ್ಕೊತೀನಿ” ಎನ್ನುತ್ತಿದ್ದೆ. “ರಜ ಬರೋ ಹೊತ್ಗೆ ನಾನಿರ್ತೀನೋ ಇಲ್ವೋ, ಈಗ್ಲೇ ಕೇಳ್ಕೊ ಕಣವ್ವ” ಎನ್ನುತ್ತಿದ್ದರು ಅವರು.

ರಜೆಗಳು ಬಂದವು. ಮೌಲ್ಯಮಾಪನ, ಮದುವೆ, ಜಾತ್ರೆ ಕಳೆದು ಉಳಿದ ದಿನಗಳಲ್ಲಿ ನೋಟ್ ಪುಸ್ತಕ ತೆರೆದರೆ ಹಿಂದಿನ ವರ್ಷ ಬರೆದ ಪುಟಗಳು ಬೇರೆ ಯಾರೋ ಬರೆದಂತೆ ಕಾಣುತ್ತಿದ್ದವು. ಬಿಟ್ಟ ಎಳೆ ಸಿಗುವಷ್ಟರಲ್ಲಿ ಶಾಲೆ ಶುರುವಾಗುತ್ತಿತ್ತು. ಹಾಗಾಗಿ ಪ್ರತಿಸಲ ಮೊದಲ ಅಧ್ಯಾಯವನ್ನೇ ತಿದ್ದಿದೆ. ಎರಡನೆಯದಕ್ಕೆ ಹೋಗಲೇ ಇಲ್ಲ. ದೊಡ್ಡ ಬಿಡುವಿಗೆ ಕಾಯುವುದರ ಕೇಡು ಇದೇ: ಬಿಡುವು ಸಿಕ್ಕಾಗ ಅದೆಲ್ಲ ಕತೆಯೊಳಕ್ಕೆ ಮತ್ತೆ ಕಾಲಿಡುವುದರಲ್ಲೇ ಮುಗಿದುಹೋಗುತ್ತದೆ.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಪಕ್ಕದಲ್ಲಿ ಕೂತಾಗ ಕೇಳದೆ ಬಿಟ್ಟ ಪ್ರಶ್ನೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಏನು ಹೇಳಿ ಕಳಿಸಿದರು? ಒಣಗಿದ ಮರ ಕಡಿಸಿದ ರಾತ್ರಿ ಮಕ್ಕಳಿಗೆ ಏನು ಹೇಳಿ ಮಲಗಿಸಿದರು? ನುಸಿಯ ವಿಷಯ ಕೃಷಿ ಇಲಾಖೆಯವರಲ್ಲಿ, ಹಳೆಯ ಪತ್ರಿಕೆಗಳಲ್ಲಿ ಸಿಕ್ಕೀತು. ಅವರ ಮಾತಿನ ವರಸೆ ಎಲ್ಲಿ ಸಿಗಬೇಕು? ಕೆಲವು ತಿಂಗಳಲ್ಲಿ ಅವರೂ ಹೋದರು.

ದಿನವೂ ನೋಡುವ ಹಳೇಬೀಡಿನ ಗುಡಿ ಆ ದಿನಗಳಲ್ಲಿ ಬೇರೆಯಾಗಿ ಕಂಡಿತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, 1121ರ ಹೊತ್ತಿಗೆ ಕೆಲಸ ಹಿಡಿದ ಹಳೇಬೀಡಿನ ಹೊಯ್ಸಳೇಶ್ವರ, ಎರಡೂ ಬಳಪದ ಕಲ್ಲಿನವು. ಆ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದು; ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಬಳ್ಳಿಗಾವೆಯಿಂದ ಬಂದು ಬೇಲೂರಿನಲ್ಲಿ ತಮ್ಮ ಹೆಸರು ಕೊರೆದಿಟ್ಟ ದಾಸೋಜ ಮತ್ತು ಅವನ ಮಗ ಚಾವಣರಿಗೆ ಇದು ಚೆನ್ನಾಗಿ ಗೊತ್ತಿದ್ದಿರಬೇಕು. ಕೇಳಿದ ಕತೆಯೂ ಹಾಗೆಯೇ. ಹಸಿಯಾಗಿದ್ದಾಗ ಉಳಿ ಇಡದಿದ್ದರೆ ಆಮೇಲೆ ಎಷ್ಟು ಬಡಿದರೂ ಆ ನಯ ಬರುವುದಿಲ್ಲ.

ಬಿಡುವಿಲ್ಲದವರು ಬರೆದ ಸಾಹಿತ್ಯವೇ ಕನ್ನಡದಲ್ಲಿ ಹೆಚ್ಚು. ಮಾಸ್ತಿಯವರು 1914ರಲ್ಲಿ ಮೈಸೂರು ಸರ್ಕಾರದ ಅಧಿಕಾರಿಯಾಗಿ ಸೇರಿ, ಆ ನೌಕರಿಯ ನಡುವೆಯೇ ಕನ್ನಡ ಸಣ್ಣಕತೆಯನ್ನು ಬೆಳೆಸಿದರು. ಅವರ ಮನೆಯ ಕೆಲಸ ಬೇರೆಯವರು ನೋಡಿಕೊಳ್ಳುತ್ತಿದ್ದಿರಬೇಕು, ಹೆಂಗಸರಿಗೆ ಅದೆಲ್ಲ ಎಲ್ಲಿಂದ ಬರಬೇಕು ಎಂದು ಹಿಂದೆ ವಾದಿಸುತ್ತಿದ್ದೆ. ಆದರೆ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ಸಂಸಾರ ಮಾಡುತ್ತಲೇ. ನಮ್ಮ ಹಾಸನದ ಬಾನು ಮುಷ್ತಾಕ್ ವಕೀಲಿ ವೃತ್ತಿ, ಪತ್ರಿಕೆಯ ಕೆಲಸ, ಹೋರಾಟ, ಮನೆ ಎಲ್ಲದರ ನಡುವೆ ಬರೆದರು. 1990ರಿಂದ 2023ರವರೆಗೆ ಬರೆದವುಗಳಲ್ಲಿ ಆಯ್ದ 12 ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಆ ಸುದ್ದಿ ಓದಿದ ಮೇಲೆ ನನ್ನ ವಾದ ಕೈಬಿಟ್ಟೆ.

ಈಗ ಬಸ್ಸಿನಲ್ಲಿ ಬರೆಯುತ್ತೇನೆ. ಕೂರಲು ಜಾಗ ಸಿಕ್ಕ ದಿನ ಅರ್ಧ ಪುಟ, ನಿಂತ ದಿನ ಮನಸ್ಸಿನಲ್ಲೇ ಒಂದು ಸಂಭಾಷಣೆ. ಹಿಂದಿನದನ್ನು ತಿದ್ದಲು ಹೋಗುವುದಿಲ್ಲ. ತಿದ್ದುವುದು ಭಾನುವಾರದ ಕೆಲಸ. ಮುಂದೇನು ಬರೆಯಬೇಕೆಂದು ಗೊತ್ತಿರುವಾಗಲೇ ನಿಲ್ಲಿಸುತ್ತೇನೆ. ಮಾರನೆಯ ದಿನ ಎಳೆ ಹುಡುಕಬೇಕಿಲ್ಲ. ಭಾನುವಾರ ಬೆಳಗಿನ ಅಡುಗೆಯನ್ನು ಯಜಮಾನರು, ಮಕ್ಕಳು ನೋಡಿಕೊಳ್ಳುತ್ತಾರೆ. ಇದು ನನ್ನ ಕೆಲಸ ಎಂದು ನಾನೇ ಬಾಯಿಬಿಟ್ಟು ಹೇಳುವವರೆಗೆ ಮನೆಯವರಿಗೆ ಅದು ಗೊತ್ತಾಗುವ ದಾರಿಯಾದರೂ ಎಲ್ಲಿತ್ತು? ಕಾದಂಬರಿಯ ಹಟ ಬಿಟ್ಟು ಸಣ್ಣಕತೆಗೆ ಬಂದಿದ್ದೇನೆ. ನನ್ನ ದಿನಕ್ಕೆ ಹೊಂದುವ ಅಳತೆ ಅದು.

ಅತ್ತೆಯ ಬಗ್ಗೆ ಒಂದು ಕತೆ ಮುಗಿಸಿದೆ. ತೋಟವಿದೆ, ನುಸಿಯಿದೆ, ಸಾಲವಿದೆ. ಅವರು ಆಡುತ್ತಿದ್ದಂಥ ಮಾತು ಮಾತ್ರ ಅದರಲ್ಲಿ ಕಡಿಮೆ. ಆ ಕೊರತೆ ತುಂಬುವುದು ಇನ್ನು ನನ್ನಿಂದಾಗದು.

ಬರೆಯುವ ಆಸೆಯಿರುವವರಲ್ಲಿ ನನ್ನದೊಂದು ಕೋರಿಕೆ. ನಿವೃತ್ತಿಗೆ, ರಜೆಗೆ, ಮಕ್ಕಳು ದೊಡ್ಡವರಾಗುವುದಕ್ಕೆ ಕಾಯಬೇಡಿ. ನಿಮ್ಮ ಕತೆ ಮನೆಯ ಹಿರಿಯರೊಬ್ಬರ ಬಾಯಲ್ಲಿದ್ದರೆ ಇವತ್ತೇ ಅವರ ಪಕ್ಕ ಕೂತು ಕೇಳಿ, ಅವರು ಆಡಿದ ಹಾಗೆಯೇ ನಾಲ್ಕು ಸಾಲು ಬರೆದಿಟ್ಟುಕೊಂಡು ಮಲಗಿ.