ಸ್ಪೋರ್ಟ್ಸ್ ಕಾರು ಸಾಕುವ ಲೆಕ್ಕ

ಭಾನುವಾರ ಬೆಳಗ್ಗೆ ಧರ್ಮಪುರಿಯ ಬೈಪಾಸಿನಲ್ಲಿ ಒಮ್ಮೊಮ್ಮೆ ಕಾಣಿಸುತ್ತವೆ. ಬೆಂಗಳೂರಿನ ಕಡೆಯಿಂದ ಬರುವ ಹಳದಿ, ಕೆಂಪು, ಕಿತ್ತಳೆ ಬಣ್ಣದ, ನೆಲಕ್ಕೆ ಅಂಟಿಕೊಂಡಂಥ ಕಾರುಗಳು. ಕಾಣುವುದಕ್ಕೆ ಮೊದಲೇ ಕೇಳಿಸುತ್ತವೆ ಅನ್ನಿ! ಹಿಂದೆ 7 ಎನ್ನುತ್ತಿದ್ದ, ಈಗ 44 ಆಗಿರುವ ನಮ್ಮ ರಾಷ್ಟ್ರೀಯ ಹೆದ್ದಾರಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿದು ಸೇಲಂ ಸೇರುತ್ತದೆ. ಬೆಂಗಳೂರಿನಿಂದ ಸೇಲಮ್ಮಿಗೆ ಸುಮಾರು 200 ಕಿಲೋಮೀಟರು. ಅಲ್ಲಿಂದ ಏರ್ಕಾಡಿಗೆ 20 ಹೇರ್‌ಪಿನ್ ತಿರುವುಗಳ ಬೆಟ್ಟದ ರಸ್ತೆ. ಇಂಥ ಕಾರುಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಎಲ್ಲಿ ಸಿಗಬೇಕು?

ನಮ್ಮ ಮಕ್ಕಳಿಗೆ ಇವುಗಳ ಹೆಸರೆಲ್ಲ ಬಾಯಿಪಾಠ. ಕನ್ನಡ ವ್ಯಾಕರಣದ ಸಂಧಿ ಮರೆತುಹೋದೀತು, ಲ್ಯಾಂಬೋರ್ಗಿನಿಯ ಮಾಡೆಲ್ಲುಗಳು ಮರೆಯುವುದಿಲ್ಲ. "ಎಷ್ಟು ಸಾರ್ ಬೆಲೆ?" ಎಂದು ಕೇಳುತ್ತಾರೆ. ಕೋಟಿಯಲ್ಲಿ ಉತ್ತರ ಹೇಳಿದರೆ ಖುಷಿ. ಆದರೆ ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ "ತಿಂಗಳಿಗೆ ಎಷ್ಟು ಸಾರ್?" ಎಂದು ಕೇಳಿದ್ದಿಲ್ಲ. ಅವರ ಮನೆಯಲ್ಲಿ ಅಪ್ಪ ಹೊಸೂರಿನಲ್ಲಿ ತಯಾರಾದ ಟಿವಿಎಸ್ ಮೊಪೆಡ್ಡಿಗೆ ಈ ತಿಂಗಳು ಚೈನ್ ಹಾಕಿಸಬೇಕೋ ಮುಂದಿನ ತಿಂಗಳಿಗೆ ತಳ್ಳಬೇಕೋ ಎಂದು ಯೋಚಿಸುವುದನ್ನು ದಿನಾ ನೋಡುವ ಮಕ್ಕಳು ಇವರು. ಆದರೂ ಕೇಳುವುದಿಲ್ಲ. ಅಷ್ಟು ಬೆಲೆಯ ಕಾರು ಹಾಳಾಗುವುದೇ ಇಲ್ಲ ಎಂಬ ನಂಬಿಕೆ ಇರಬೇಕು.

ನಿಜ ಏನೆಂದರೆ ಬೆಲೆ ಹೆಚ್ಚಾದಷ್ಟೂ ಸವೆಯುವ ಭಾಗಗಳು ಬೇಗ ಸವೆಯುತ್ತವೆ. ಬೇಗ ಸವೆಯಲೆಂದೇ ಮಾಡಿದವು ಅವು. ಟೈರನ್ನೇ ನೋಡಿ. ರಸ್ತೆಯನ್ನು ಗಟ್ಟಿಯಾಗಿ ಹಿಡಿಯಬೇಕಾದರೆ ರಬ್ಬರು ಮೆತ್ತಗಿರಬೇಕು, ಮೆತ್ತಗಿದ್ದರೆ ಸವೆಯಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅಮೆರಿಕದ ನಿಯಮದಂತೆ ಕಾರಿನ ಟೈರಿನ ಪಕ್ಕದಲ್ಲಿ 'ಟ್ರೆಡ್‌ವೇರ್' ಎಂದು ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅಲ್ಲಿ ಮಾರುವ ಕಂಪನಿಗಳ ಟೈರು ಇಲ್ಲಿಗೆ ಬಂದಾಗಲೂ ಅದು ಕಾಣಿಸುತ್ತದೆ. ಮನೆಮಂದಿ ಓಡಾಡುವ ಸಾಧಾರಣ ಕಾರಿನ ಟೈರಿನಲ್ಲಿ ಅದು 300, 400 ಇರುತ್ತದೆ. ರೇಸಿಗೆ ಹತ್ತಿರದ ಟೈರುಗಳಲ್ಲಿ ನೂರಕ್ಕೂ ಕಡಿಮೆ. ಸಂಖ್ಯೆ ಕಡಿಮೆಯಾದಂತೆ ಬಾಳಿಕೆಯೂ ಕಡಿಮೆ. ಸಂಕಗಿರಿ, ನಾಮಕ್ಕಲ್ ಕಡೆಯ ಲಾರಿಯವರಾದರೆ ಸವೆದ ಟೈರಿಗೆ ರೀಟ್ರೆಡ್ ಮಾಡಿಸಿ ಮತ್ತೆ ಓಡಿಸುತ್ತಾರೆ. ಇಲ್ಲಿ ಆ ಮಾತೇ ಇಲ್ಲ. ಇನ್ನೊಂದು ವಿಷಯ ಕೇಳಿದರೆ ನಮ್ಮ ಪಂಚರ್ ಅಂಗಡಿಯವರು ನಗುತ್ತಾರೆ. ಇಂಥ ಬಹುಪಾಲು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ! ಗಾಳಿ ತುಂಬುವ ಸಣ್ಣ ಪಂಪು, ತೂತು ಮುಚ್ಚುವ ಅಂಟು, ಅಷ್ಟೇ. ಟೈರು ಹರಿದರೆ ಕಾರನ್ನು ಲಾರಿಯ ಮೇಲೆ ಏರಿಸಿಕೊಂಡು ಬೆಂಗಳೂರಿಗೋ ಚೆನ್ನೈಗೋ ಒಯ್ಯಬೇಕು.

ಇದರ ತುತ್ತತುದಿ ಬುಗಾಟಿ ವೇರಾನ್. 2005ರಲ್ಲಿ ಬಂದ ಈ ಕಾರಿಗೆ 16 ಸಿಲಿಂಡರು, ನಾಲ್ಕು ಟರ್ಬೋ, ಹತ್ತು ರೇಡಿಯೇಟರು. ಗಂಟೆಗೆ 400 ಕಿ.ಮೀ. ದಾಟುತ್ತಿತ್ತು. ಆ ವೇಗದಲ್ಲಿ ಟೈರು ಸುಮಾರು 15 ನಿಮಿಷ ಬಾಳುತ್ತದೆ, ಆದರೆ ಹೆದರಬೇಕಾಗಿಲ್ಲ, 100 ಲೀಟರಿನ ಟ್ಯಾಂಕು 12 ನಿಮಿಷಕ್ಕೇ ಖಾಲಿಯಾಗುತ್ತದೆ ಎಂಬ ಮಾತು ಆಗ ಪ್ರಸಿದ್ಧವಾಗಿತ್ತು. ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ "ಆಮೇಲೆ ಮನೆಗೆ ಹೆಂಗೆ ಹೋಗ್ತಾರೆ ಸಾರ್?" ಎಂದಳು.

ಬ್ರೇಕಿನದು ಭೌತಶಾಸ್ತ್ರದ ಪಾಠ. ಒಂದೂವರೆ ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 5.8 ಲಕ್ಷ ಜೂಲ್. ವೇಗ 200 ಆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 23 ಲಕ್ಷ ಜೂಲ್. ನಿಲ್ಲಿಸಿದಾಗ ಇದರಲ್ಲಿ ಬಹುಪಾಲು ಶಾಖವಾಗಿ ಬ್ರೇಕಿಗೆ ಇಳಿಯುತ್ತದೆ. ಹತ್ತನೇ ತರಗತಿಯವರು ಲೆಕ್ಕ ಹಾಕಿ ನೋಡಿದರು. ಅಷ್ಟು ಶಾಖದಲ್ಲಿ ಎಂಟು ಲೀಟರಿನಷ್ಟು ನೀರನ್ನು ಕುದಿಗೆ ತರಬಹುದು. ಒಂದು ಸಲ ನಿಲ್ಲಿಸಿದ್ದಕ್ಕೆ! ಹಾಗಾಗಿ ದೊಡ್ಡ ಡಿಸ್ಕು, ದಪ್ಪ ಪ್ಯಾಡು, ದೊಡ್ಡ ಬಿಲ್ಲು. ಇನ್ನೂ ದುಬಾರಿ ಕಾರುಗಳಲ್ಲಿ ಕಾರ್ಬನ್-ಸೆರಾಮಿಕ್ ಡಿಸ್ಕು ಇರುತ್ತದೆ. ಊರಿನ ಓಡಾಟದಲ್ಲಿ ಬಹಳ ಕಾಲ ಬಾಳುತ್ತದೆ, ಬದಲಿಸುವ ದಿನ ಬಂತೆಂದರೆ ಮಾತ್ರ ಒಂದು ಹೊಸ ಸಣ್ಣ ಕಾರಿನ ಬೆಲೆಗೂ ಮೀರಬಹುದು.

ಬ್ರೇಕಿನ ಎಣ್ಣೆಯೂ ಅಷ್ಟೇ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕಾರು ಓಡಿದರೂ ಓಡದಿದ್ದರೂ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸು ಎನ್ನುವುದು ಇದಕ್ಕೇ. ಕಾದ ಬ್ರೇಕು ಏನು ಮಾಡುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಯುವ ಲಾರಿಗಳ ಬ್ರೇಕು ಕಾದು ಕೈಕೊಡುವುದು ತೊಪ್ಪೂರು ಘಾಟಿಯ ಅಪಘಾತಗಳಿಗೆ ಒಂದು ಮುಖ್ಯ ಕಾರಣ. ಉಳಿಯುವುದು ನೂರಿನ್ನೂರು ರೂಪಾಯಿ ಡೀಸೆಲ್, ಹೋಗುವುದು ಯಾರದೋ ಜೀವ. ಇರಲಿ, ಅದನ್ನು ಬರೆಯಲು ಹೊರಟರೆ ಬೇರೆಯೇ ಲೇಖನವಾದೀತು.

ಎಂಜಿನ್ ಆಯಿಲ್ ಸಣ್ಣ ಕಾರಿಗೆ ಮೂರು, ಮೂರೂವರೆ ಲೀಟರ್ ಸಾಕು. ಇವುಗಳಿಗೆ ಹತ್ತರ ಆಸುಪಾಸು ಬೇಕು, ಅದೂ ಪೂರ್ತಿ ಸಿಂಥೆಟಿಕ್. ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದಕ್ಕಿಂತ ಸ್ವಾರಸ್ಯ ಎಂಜಿನ್ನಿನ ಬೆಲ್ಟಿನದು. 1994ರಿಂದ 1999ರವರೆಗೆ ತಯಾರಾದ ಫೆರಾರಿ ಎಫ್355 ಕಾರಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂದರೆ ಇಡೀ ಎಂಜಿನ್ನನ್ನೇ ಹೊರಗೆ ಇಳಿಸಬೇಕು. ಕೆಟ್ಟಿದೆಯೆಂದಲ್ಲ, ಕೆಲವು ವರ್ಷಕ್ಕೊಮ್ಮೆ ಮಾಡಲೇಬೇಕಾದ ಮಾಮೂಲು ಕೆಲಸ ಅದು. ಬೆಲ್ಟಿನ ಬೆಲೆ ಒಂದಾದರೆ ಕೂಲಿ ಹತ್ತು. ನಂತರ ಬಂದ 360 ಮಾಡೆನಾದಲ್ಲಿ ಎಂಜಿನ್ ಇಳಿಸದೆಯೇ ಬೆಲ್ಟು ಬದಲಿಸುವಂತಾಯಿತು, 2004ರ ಎಫ್430ರಲ್ಲಿ ಬೆಲ್ಟಿನ ಬದಲು ಚೈನೇ ಬಂತು. ಅಂದ ಹಾಗೆ ಸಚಿನ್ ತೆಂಡುಲ್ಕರರಿಗೆ 2002ರಲ್ಲಿ ಉಡುಗೊರೆಯಾಗಿ ಬಂದದ್ದು ಆ 360 ಮಾಡೆನಾ. ಆಮದು ಸುಂಕದ ವಿನಾಯಿತಿ ದೊಡ್ಡ ಗದ್ದಲವಾಗಿ, ಕೊನೆಗೆ ಕಾರು ಕೊಟ್ಟ ಕಂಪನಿಯೇ ಕೋಟಿಗೂ ಮೇಲ್ಪಟ್ಟ ಸುಂಕ ಕಟ್ಟಿತು. ಪುಕ್ಕಟೆ ಬಂದ ಕಾರಿನ ಕಥೆಯೇ ಹೀಗೆ.

ಕ್ಲಚ್ಚು ಟ್ರಾಫಿಕ್ಕಿನಲ್ಲಿ ಸಾಯುತ್ತದೆ. ಆ ಕಾಲದ ಫೆರಾರಿಗಳ ಗೇರನ್ನು ಯಂತ್ರವೇ ಬದಲಿಸುತ್ತಿತ್ತು, ಕ್ಲಚ್ಚು ಎಷ್ಟು ಸವೆದಿದೆ ಎಂಬುದನ್ನು ವರ್ಕ್‌ಶಾಪಿನ ಕಂಪ್ಯೂಟರು ಶೇಕಡಾವಾರು ತೋರಿಸುತ್ತಿತ್ತು. ಹೆದ್ದಾರಿಯಲ್ಲಿ ಸಾವಿರ ಕಿಲೋಮೀಟರಿಗೆ ಸವೆಯುವುದಕ್ಕಿಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ನಾಲ್ಕು ಸಂಜೆ ತೆವಳಿದರೆ ಹೆಚ್ಚು ಸವೆದೀತು.

ಇಷ್ಟೆಲ್ಲ ನಾವು ಓದಿ ಕೇಳಿ ತಿಳಿದುಕೊಂಡದ್ದಕ್ಕೆ ಕಾರಣವಿದೆ. 2024ರ ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಅವನ ಅಪ್ಪ ಒಂದು ಲಾರಿಯಿಂದ ಶುರುಮಾಡಿದವರು. ಇವನು ಸೇಲಂ ಹತ್ತಿರ ಸಿಮೆಂಟ್ ಇಟ್ಟಿಗೆಯ ಕೆಲಸ ಹಾಕಿಕೊಂಡು ಚೆನ್ನಾಗಿಯೇ ಇದ್ದಾನೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಎರಡು ಬಾಗಿಲಿನ ಜರ್ಮನ್ ಸ್ಪೋರ್ಟ್ಸ್ ಕಾರು, ಹತ್ತು ವರ್ಷ ಹಳೆಯದು, 31 ಸಾವಿರ ಕಿ.ಮೀ. ಓಡಿದೆ. ಹೊಸದರಲ್ಲಿ ಕೋಟಿಗೂ ಮೇಲೆ, ಈಗ 40 ಲಕ್ಷ. "ಸಾರ್, ಅರ್ಧಕ್ಕಿಂತ ಕಡಿಮೆಗೆ ಬರ್ತಿದೆ. ಚಿಕ್ಕಂದಿನಿಂದ ಆಸೆ. ಮನೇಲಿ ಮಾತ್ರ ಯಾರೂ ಒಪ್ಪುತ್ತಿಲ್ಲ, ನೀವೇ ಹೇಳಿ" ಎಂದ. ಇಟ್ಟಿಗೆ ಕೆಲಸಕ್ಕೆಂದು ಕೂಡಿಟ್ಟ ದುಡ್ಡು, ಮೇಲೆ ಬ್ಯಾಂಕಿನ ಸಾಲ. ಕೆಲಸದವರು ಹನ್ನೆರಡು ಮಂದಿ ಇದ್ದಾರೆ ಅವನ ಹತ್ತಿರ.

ಬೇಡ ಎಂದರೆ ಕೇಳುವ ವಯಸ್ಸಲ್ಲ ಅವನದು. ಖಾಲಿ ತರಗತಿಗೆ ಕರೆದುಕೊಂಡು ಹೋಗಿ ಸೀಮೆಸುಣ್ಣ ಕೈಗೆ ಕೊಟ್ಟೆವು. "ಬರೀಪ್ಪಾ, ವರ್ಷಕ್ಕೆ ಎಷ್ಟು ಓಡಿಸ್ತೀಯ?" ಐದು ಸಾವಿರ ಕಿಲೋಮೀಟರ್ ಎಂದ. ಉಳಿದ ಅಂಕಿಗಳನ್ನು ಅವನೇ ಬೆಂಗಳೂರಿನಲ್ಲಿ ವಿಚಾರಿಸಿ ಬಂದಿದ್ದ, ಕೂಡಿ ನೋಡಿರಲಿಲ್ಲ ಅಷ್ಟೇ. ವರ್ಷದ ಸರ್ವೀಸಿಗೆ ಒಂದು ಲಕ್ಷ. ನಾಲ್ಕು ಟೈರಿಗೆ 1,80,000, ಬಾಳಿಕೆ 15 ಸಾವಿರ ಕಿ.ಮೀ., ಅಂದರೆ ವರ್ಷದ ಪಾಲು 60,000. ಡಿಸ್ಕು, ಪ್ಯಾಡು ಎಲ್ಲ ಸೇರಿ 3,60,000, ಬಾಳಿಕೆ 30 ಸಾವಿರ ಕಿ.ಮೀ., ಮತ್ತೆ ವರ್ಷಕ್ಕೆ 60,000. ವಿಮೆಗೆ ಒಂದು ಲಕ್ಷ. (ಇದರಲ್ಲಿ ಸರಕಾರ 2022ರಲ್ಲಿ ನಿಗದಿ ಮಾಡಿದ ಮೂರನೆಯವರ ವಿಮೆ 1500 ಸಿಸಿಗೆ ಮೇಲ್ಪಟ್ಟ ಯಾವ ಕಾರಿಗಾದರೂ 7,897 ರೂಪಾಯಿ ಮಾತ್ರ. ಉಳಿದದ್ದು ಕಾರಿನ ಬೆಲೆಯ ಮೇಲೆ ಹೋಗುತ್ತದೆ.) ಹತ್ತು ವರ್ಷದ ಕಾರು, ಏನಾದರೊಂದು ಕೈಕೊಡುತ್ತದೆ ಎಂದು ಎತ್ತಿಡಲು ಒಂದೂವರೆ ಲಕ್ಷ. ಲೀಟರಿಗೆ ಏಳು ಕಿಲೋಮೀಟರಿನಂತೆ ಪೆಟ್ರೋಲಿಗೆ 71 ಸಾವಿರ ಚಿಲ್ಲರೆ.

ಒಟ್ಟು 5 ಲಕ್ಷ 41 ಸಾವಿರ. ತಿಂಗಳಿಗೆ 45 ಸಾವಿರ. ಕಿಲೋಮೀಟರಿಗೆ 108 ರೂಪಾಯಿ! ಸಾಲದ ಬಡ್ಡಿ ಇದರಲ್ಲಿಲ್ಲ. ನಮ್ಮ ಟೌನ್ ಬಸ್ಸಿನಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ಟೇ ಇಲ್ಲ ಎಂಬುದನ್ನು ನೆನೆದು ನಮಗೇ ನಗು ಬಂತು.

"ಹಾಗಾದ್ರೆ ಕಡಿಮೆ ಓಡಿಸ್ತೀನಿ ಸಾರ್" ಎಂದ. ಅಲ್ಲೇ ಇರುವುದು ತೊಡಕು. ಷೆಡ್ಡಿನಲ್ಲಿ ನಿಂತರೂ ಸರ್ವೀಸು, ವಿಮೆ, ಎತ್ತಿಟ್ಟ ದುಡ್ಡು ಸೇರಿ ಮೂರೂವರೆ ಲಕ್ಷ ಹೋಗುತ್ತದೆ. ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಟೈರು ನಿಂತ ಜಾಗದಲ್ಲೇ ಚಪ್ಪಟೆಯಾಗುತ್ತದೆ, ಟ್ಯಾಂಕಿನ ಪೆಟ್ರೋಲು ಹಳಸುತ್ತದೆ. ಕಡಿಮೆ ಓಡಿಸಿದಷ್ಟೂ ಕಿಲೋಮೀಟರಿನ ಖರ್ಚು ಏರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಹಳೆಯ ಕಾರಿನ ಬೆಲೆ ಇಳಿಯುತ್ತದೆಯೇ ಹೊರತು ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕಾರು 40 ಲಕ್ಷಕ್ಕೆ ಬಂದಿದೆಯೆಂದು ಡಿಸ್ಕಿನ ಅಂಗಡಿಯವನು 40 ಲಕ್ಷದ ಕಾರಿನ ರೇಟು ಹಾಕುತ್ತಾನೆಯೇ? ಅವನಿಗೆ ಅದು ಇಂದಿಗೂ ಕೋಟಿಯ ಕಾರೇ.

ಅವನು ಬಹಳ ಹೊತ್ತು ಹಲಗೆಯನ್ನೇ ನೋಡುತ್ತಿದ್ದ. "ಅಪ್ಪ ಒಂದು ನೋಟ್‌ಬುಕ್ಕಲ್ಲಿ ಲಾರಿ ಖರ್ಚು ಬರೀತಿದ್ರು ಸಾರ್. ಟೈರು, ಗ್ರೀಸು, ಪಟ್ಟಾ, ಎಲ್ಲ. ಆದ್ರೆ ಎದುರುಗಡೆ ಬಾಡಿಗೆ ಅಂತ ಒಂದು ಕಾಲಮ್ಮಿತ್ತು" ಎಂದ. ನಾವು ಏನೂ ಹೇಳಲಿಲ್ಲ.

ನಮ್ಮಲ್ಲೇ ಓದಿ ಐಟಿಐ ಮಾಡಿದ ಇನ್ನೊಬ್ಬ ಬೆಂಗಳೂರಿನಲ್ಲಿ ಇಂಥ ಕಾರುಗಳು ಬರುವ ವರ್ಕ್‌ಶಾಪಿನಲ್ಲಿದ್ದಾನೆ. ಅವನಿಗೆ ಅಲ್ಲಿಂದಲೇ ಫೋನು ಹಚ್ಚಿದೆವು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮ್ಯಾನ್ಯುಯಲ್ಲಿನ ಮುಂದೆ ಮೊದಲ ವರ್ಷ ಅತ್ತವನು ಅವನು. ಈಗ ಕಾರ್ಬನ್-ಸೆರಾಮಿಕ್ ಡಿಸ್ಕು ಬದಲಿಸಬೇಕೇ ಎಂಬುದನ್ನು ತಕ್ಕಡಿಯಲ್ಲಿಟ್ಟು ಹೇಳುತ್ತಾನೆ. ಮಾಮೂಲು ಕಬ್ಬಿಣದ ಡಿಸ್ಕಿಗೆ ದಪ್ಪ ಅಳೆದರೆ ಸಾಕು. ಇದಕ್ಕೆ ತೂಕವನ್ನೂ ನೋಡಬೇಕಂತೆ, ಇಷ್ಟಕ್ಕಿಂತ ಕಡಿಮೆಯಾಗಬಾರದೆಂದು ಡಿಸ್ಕಿನ ಮೇಲೇ ಬರೆದಿರುತ್ತಾರಂತೆ. ಒಬ್ಬರಿಗೆ ಖರ್ಚಾದ ಕೂಲಿಯಲ್ಲಿ ಇವನ ಮನೆ ನಡೆಯುತ್ತದೆ, ತಂಗಿಯ ಓದು ನಡೆಯುತ್ತದೆ. ನಾವು ಈ ಕಾರುಗಳನ್ನು ಬರೀ ದಂಡ ಎಂದು ಬೈಯಲಾರೆವು.

ಅವನು ಕೇಳಿದ್ದು ಒಂದೇ. "ಅಣ್ಣಾ, ಟೈರಿನ ಪಕ್ಕ ಫೋಟೋ ಇದೆಯಾ? ಕೊನೇ ನಾಲ್ಕು ಅಂಕಿ ಓದಿ." ಚಿತ್ರ ದೊಡ್ಡದು ಮಾಡಿ ನೋಡಿದರೆ 1418. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ 2018ರ ಹದಿನಾಲ್ಕನೇ ವಾರದಲ್ಲಿ ತಯಾರಾದ ಟೈರು, ಆರು ವರ್ಷ ಹಳೆಯದು. ಗೀರು ನೋಡಿದರೆ ಹೊಸದರಂತಿದೆ, ರಬ್ಬರು ಗಟ್ಟಿಯಾಗಿರುತ್ತದೆ. ಏರ್ಕಾಡಿನ ಮಳೆಯಲ್ಲಿ ಜಾರುವುದು ಇಂಥದ್ದೇ. "ಮೊದಲ ದಿನವೇ 1,80,000 ಎತ್ತಿಡಬೇಕು" ಎಂದು ಆ ಕಡೆಯಿಂದ ಹೇಳಿದ. ಇವನು ಹಲಗೆಯ ಮೇಲಿನ 40 ಲಕ್ಷವನ್ನು ಒರೆಸಿ 41,80,000 ಎಂದು ಬರೆದ.

ಆ ವಾರದಲ್ಲಿ ಅವನು ಇನ್ನು ಎರಡು ಸಲ ಫೋನು ಮಾಡಿದ, ಬೆಲೆ ಇಳಿಸಿದ್ದಾರೆ ಎಂದ. ಮೂರನೆಯ ಸಲ ಮಾಡಿದ್ದು ಕಾರಿನ ವಿಷಯಕ್ಕಲ್ಲ, ಕೆಲಸದವರ ಮಕ್ಕಳಿಬ್ಬರನ್ನು ಶಾಲೆಗೆ ಸೇರಿಸಲು. ಕಾರು ಏನಾಯಿತಪ್ಪಾ ಎಂದು ನಾವೇ ಕೇಳಿದೆವು. ಕೊಯಮತ್ತೂರಿನ ಯಾರಿಗೋ ಮಾರಾಟವಾಯಿತಂತೆ, ಅದೇ ಟೈರುಗಳ ಜೊತೆಗೆ.